ನಾಯಿ ನುಂಗಿದ ಕಡ್ಡಿಗೆ ರೊಟ್ಟಿ ಗಾಡಿ ಹೊಣೆಯೇ?

ನಮ್ಮ ವಾರ್ಡಿನ ಕಸ ವಿಲೇವಾರಿಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಕೊಟ್ಟ ದೂರನ್ನು ನೀವು ಪರಿಹರಿಸಿದ್ದೀರಿ. ಆ ಪರಿಹಾರವನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ರಿಚರ್ಡ್ಸ್ ಟೌನಿನ ಒಂದು ಮೂಲೆಯಲ್ಲಿ ಬೀಳುವ ಎಂಜಲು ತಿಂದು ಒಂದು ನಾಯಿ ಸಾಯುವ ಸ್ಥಿತಿಗೆ ಬಂದಿತ್ತು, ಆ ಮೂಲೆಯನ್ನು ಚೊಕ್ಕಟವಾಗಿಡಿ ಎಂದು ನಾನು ಕೇಳಿದ್ದೆ. ನೀವು ಮೂಲೆಯನ್ನು ಹಾಗೆಯೇ ಬಿಟ್ಟು, ಅದರ ಎದುರಿಗೆ ಜೋಳದ ರೊಟ್ಟಿ ಮಾರುತ್ತಿದ್ದ ಪೀರಮ್ಮ ಎಂಬ ಹೆಂಗಸಿನ ತಳ್ಳುಗಾಡಿಯನ್ನು ಹೊತ್ತುಕೊಂಡು ಹೋದಿರಿ. ಆಮೇಲೆ ನನ್ನ ಮೊಬೈಲಿಗೆ ಸಂದೇಶ ಬಂತು, ದೂರು ತೃಪ್ತಿಕರವಾಗಿ ಮುಗಿದಿದೆ ಎಂದು. ಯಾರಿಗೆ ತೃಪ್ತಿ ಎಂದು ಅದರಲ್ಲಿ ಇರಲಿಲ್ಲ. ನನಗೆ ಆಗಿಲ್ಲ. ನಾಯಿಗೂ ಆಗಿಲ್ಲ. ಪೀರಮ್ಮನವರನ್ನು ನೀವು ಕೇಳಿಲ್ಲ.

ನಿಮ್ಮ ಕಚೇರಿಗೆ ಹಲವು ಸಲ ಬಂದೆ. ಬಾಯಲ್ಲಿ ಹೇಳಿದ್ದು ಯಾವುದೂ ನಿಮ್ಮ ಕೌಂಟರು ದಾಟಿ ಒಳಗೆ ಹೋಗಲಿಲ್ಲ. ಆದ್ದರಿಂದ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ; ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಡತನಕ್ಕಲ್ಲ. ಯಾರೂ ಬಿಡಿಸಲೂ ಇಲ್ಲ. ಬೆಂಚಿನ ಮೇಲೆ ಕೂರಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಬಾಣಸವಾಡಿ ಹಳೇ ಊರಿನ ಬೈಲಪ್ಪನವರ ಮಗಳು ನಾನು. ನಮ್ಮ ತಾತನ ರಾಗಿ ಹೊಲದ ಮೇಲೆ ಈಗ ಬಾಡಿಗೆ ಮನೆಗಳೆದ್ದಿವೆ. ಅಪ್ಪ ಅದರ ಮೆಟ್ಟಿಲ ಮೇಲೆ ಕೂತು ಬಾಡಿಗೆದಾರರ ನೀರಿನ ಜಗಳ ಬಿಡಿಸುತ್ತಾರೆ. ನಾನು ಬ್ಯೂಟಿ ಪಾರ್ಲರು, ಮೊಬೈಲ್ ಅಂಗಡಿ, ಬಟ್ಟೆ ಶೋರೂಮು ಎಲ್ಲ ಕಡೆ ಸೇರಿ ಎಲ್ಲ ಕಡೆ ಬಿಟ್ಟೆ. ಈಗ ಪುಲಿಕೇಶಿನಗರ, ರಿಚರ್ಡ್ಸ್ ಟೌನ್ ಕಡೆಯ ಮನೆಗಳ ನಾಯಿಗಳನ್ನು ಬೆಳಿಗ್ಗೆ ಸಂಜೆ ವಾಕಿಂಗ್ ಕರೆದುಕೊಂಡು ಹೋಗುತ್ತೇನೆ. ಬಿಡದೆ ಮಾಡಿಕೊಂಡು ಬಂದಿರುವ ಕೆಲಸ ಇದೊಂದೇ.

"ಹಸು ಕಟ್ಟಿದ್ದ ಮನೆ ಕಣೇ ನಮ್ದು. ನೀನ್ ನೋಡಿದ್ರೆ ಕಂಡೋರ ನಾಯಿ ಹಿಡ್ಕೊಂಡು ಬೀದಿ ಸುತ್ತೀಯ," ಎಂದು ಅಪ್ಪ ಗೊಣಗುತ್ತಾರೆ.

"ಹಸು ಹಿಡ್ಕೊಂಡು ಎಲ್ಲಿಗಪ್ಪಾ ಹೋಗ್ಲಿ? ರಿಂಗ್ ರೋಡಿಗಾ?" ಎಂದರೆ ಎದ್ದು ನೀರಿನ ಮೋಟರು ಹಾಕಲು ಹೋಗುತ್ತಾರೆ.

ನಾಯಿಯನ್ನು ವಾಕಿಂಗ್ ಕರೆದೊಯ್ಯುವುದೆಂದರೆ ಹಗ್ಗ ಹಿಡಿದು ಅದರ ಹಿಂದೆ ಹೋಗುವುದು ಎಂದು ನೀವು ತಿಳಿದಿರಬಹುದು. ನಾಯಿ ತನ್ನ ಮೂಗಿನ ಕೆಳಗಿನ ನೆಲ ನೋಡುತ್ತದೆ. ನಾನು ಅದು ಇನ್ನೂ ತಲುಪದಿರುವ ನೆಲ ನೋಡಬೇಕು. ನಿಮ್ಮ ವಾರ್ಡಿನ ರಸ್ತೆಗಳಲ್ಲಿ ಏನೇನು ಬಿದ್ದಿರುತ್ತದೆ ಎಂಬುದು ನಿಮ್ಮ ಇಡೀ ಇಲಾಖೆಗಿಂತ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದನ್ನೆಲ್ಲ ನಾನು ಯಾವುದಾದರೂ ಬಾಯಿಂದ ಹೊರಗೆ ತೆಗೆದಿದ್ದೇನೆ. ಬಿರಿಯಾನಿಯ ಮೂಳೆ, ಜೋಳದ ದಿಂಡು, ಮಾವಿನ ವಾಟೆ, ಮಗುವಿನ ಡೈಪರು, ಕೇಕು ಮೆತ್ತಿದ ಥರ್ಮಾಕೋಲು, ದೃಷ್ಟಿ ತೆಗೆದು ಒಡೆದ ಕುಂಬಳಕಾಯಿಯ ಕುಂಕುಮ ಹತ್ತಿದ ಹೋಳು. ಅಮಾವಾಸ್ಯೆಯ ಮರುದಿನ ನಾನು ದಾರಿಯನ್ನೇ ಬದಲಾಯಿಸುತ್ತೇನೆ. ದೆವ್ವಕ್ಕೆ ಹೆದರಿ ಅಲ್ಲ, ಕುಂಬಳಕಾಯಿಗೆ.

ನಾಯಿ ಏನನ್ನಾದರೂ ಕಚ್ಚಿಕೊಂಡಾಗ ಕಿರುಚಬಾರದು, ಅಟ್ಟಿಸಿಕೊಂಡು ಹೋಗಬಾರದು. ಕಿರುಚಿದರೆ ಅದು ಕಿತ್ತುಕೊಳ್ಳಲು ಬರುತ್ತಿದ್ದಾರೆ ಎಂದು ತಿಳಿದು ಬೇಗ ನುಂಗುತ್ತದೆ. ಅದಕ್ಕೆ ಮೊದಲೇ ಕಲಿಸಿರಬೇಕು. ಮುಚ್ಚಿದ ಮುಷ್ಟಿಯಲ್ಲಿ ಒಂದು ತಿಂಡಿ ಇಟ್ಟುಕೊಂಡು ಅದರ ಮುಂದೆ ಕೂರಬೇಕು. ಮೂಸುತ್ತದೆ, ನೆಕ್ಕುತ್ತದೆ, ಕಾಲಿನಿಂದ ಕೆರೆಯುತ್ತದೆ. ಕೊಡಬಾರದು. ಸಾಕಾಗಿ ಮುಖ ಹಿಂದಕ್ಕೆ ತೆಗೆದ ಗಳಿಗೆಯಲ್ಲಿ "ಬಿಡು" ಎಂದು ಹೇಳಿ, ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದನ್ನು ಕೊಡಬೇಕು. ಹೀಗೆ ದಿನಾ ಮಾಡಿದರೆ, ಬಿಟ್ಟರೆ ನಷ್ಟವಿಲ್ಲ ಎಂಬುದು ಅದರ ತಲೆಗೆ ಹೋಗುತ್ತದೆ. ಎಂಜಲು ಕಂಡರೆ ನನ್ನ ಮುಖ ನೋಡುತ್ತದೆ. ಎಲ್ಲ ನಾಯಿಗಳೂ ಕಲಿಯುತ್ತವೆ. ಫಿಲೋಮಿನಾ ಆಂಟಿಯ ಮನೆಯ ಮೇಜರ್ ಕೂಡ ಕಲಿತಿದ್ದಾನೆ. ಮೇಜರ್ ಲ್ಯಾಬ್ರಡಾರ್ ಜಾತಿಯವನು. ಆ ಜಾತಿಗೆ ಹೊಟ್ಟೆ ತುಂಬಿತು ಎಂಬ ಸುದ್ದಿ ತಲೆಗೆ ತಲುಪುವುದೇ ಇಲ್ಲ. ಅಂಥವನು ಮಟನ್ ಮೂಳೆಯನ್ನು ಬಾಯಿಂದ ಉಗುಳಿ ನನ್ನ ಕಾಲ ಬಳಿ ಇಟ್ಟದ್ದುಂಟು.

ಆದರೆ ನಾಯಿಗೆ ಎಷ್ಟು ಸಲ ಬಿಡು ಎನ್ನುವುದು, ಮಾನ್ಯರೇ? ಒಂದು ರಸ್ತೆಯಲ್ಲಿ ಒಂದೆರಡು ಸಲ ಎನ್ನಬಹುದು. ನಾನು ಹೇಳುತ್ತಿರುವ ಮೂಲೆಯಲ್ಲಿ ಹೆಜ್ಜೆಗೊಂದು ಸಲ ಎನ್ನಬೇಕು. ಆ ಮೂಲೆ ನಿಮಗೆ ಗೊತ್ತಿದೆ. ನಿಮ್ಮವರು ಬಂದು ಕಸ ಎತ್ತಿ, ಸುಣ್ಣ ಬಳಿದು, ರಂಗೋಲಿ ಹಾಕಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗಿದ್ದರು. ಮರುದಿನ ರಂಗೋಲಿಯ ನಟ್ಟನಡುವೆ ಒಂದು ಕವರು ಅನ್ನ ಸಾರು ಇತ್ತು. ಆಮೇಲೆ ಹೂವಿನ ಕುಂಡ ಇಟ್ಟಿರಿ. ಕುಂಡ ಯಾರದೋ ಮನೆಗೆ ಹೋಯಿತು, ಅದರ ಜಾಗಕ್ಕೆ ಕವರು ಬಂತು. ಆಮೇಲೆ ಗೋಡೆಗೆ ಎಲ್ಲ ಧರ್ಮದ ದೇವರ ಟೈಲ್ಸು ಅಂಟಿಸಿದಿರಿ. ಅದರಿಂದ ಒಂದು ಬದಲಾವಣೆ ಆಯಿತು, ಒಪ್ಪುತ್ತೇನೆ. ಜನ ಈಗ ಚಪ್ಪಲಿ ಬಿಟ್ಟು ಕವರು ಇಡುತ್ತಾರೆ.

ಆ ಸೋಮವಾರ ಬೆಳಿಗ್ಗೆ ಆ ಮೂಲೆಯಲ್ಲಿ ಒಂದು ಬೆಳ್ಳಿ ಹಾಳೆಯ ಪೊಟ್ಟಣ ಬಾಯಿ ಬಿಚ್ಚಿಕೊಂಡು ಬಿದ್ದಿತ್ತು. ನಾನು ನೋಡಿದೆ, ಮೇಜರ್ ನನಗಿಂತ ಮುಂಚೆ ನೋಡಿದ್ದ. "ಬಿಡು" ಎಂದೆ. ಅವನು ಬಾಯಲ್ಲಿ ಮಾಂಸದ ತುಂಡು ಹಿಡಿದುಕೊಂಡೇ ನನ್ನ ಮುಖ ನೋಡಿದ. ಬಿಡುವವನಿದ್ದ, ಖಂಡಿತ ಬಿಡುವವನಿದ್ದ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಸ್ಕೂಟರಿನವನು ಜೋರಾಗಿ ಹಾರ್ನ್ ಹೊಡೆದ. ಮೇಜರ್ ಬೆಚ್ಚಿ ನುಂಗಿಬಿಟ್ಟ. ದವಡೆಯ ಪಕ್ಕದಿಂದ ಬೆರಳು ತೂರಿಸಿ ಗಂಟಲ ತನಕ ಹುಡುಕಿದೆ. ನಾಲಿಗೆ ಬಿಟ್ಟರೆ ಏನೂ ಇರಲಿಲ್ಲ. ಆಂಟಿಗೆ ಆಗಲೇ ಹೇಳಿದೆ. "ಕೋಳಿ ತಾನೆ, ಹೊರಗ್ ಬರತ್ತೆ ಬಿಡಮ್ಮಾ," ಎಂದರು. ಬುಧವಾರದ ಹೊತ್ತಿಗೆ ಅವನು ಹಳದಿ ನೀರು ಕಕ್ಕುತ್ತಿದ್ದ. ಹೊಟ್ಟೆ ಹಲಗೆಯಂತಾಗಿತ್ತು. ಡಾಕ್ಟರು ಹೊಟ್ಟೆ ಕೊಯ್ದು ಕರುಳಿಗೆ ಚುಚ್ಚಿಕೊಂಡಿದ್ದ ಒಂದು ಕಬಾಬ್ ಕಡ್ಡಿ ತೆಗೆದರು. ಒಂದು ದಿನ ತಡವಾಗಿದ್ದರೆ ಮುಗಿಯುತ್ತಿತ್ತು ಎಂದರು. ಅವನು ಬದುಕಿದ. ಆಂಟಿ ನನ್ನನ್ನು ಬೈಯಲಿಲ್ಲ. ಅದು ಬೈದದ್ದಕ್ಕಿಂತ ಕಷ್ಟವಾಯಿತು.

ಆ ವಾರವೇ ನಾನು ನಿಮಗೆ ದೂರು ಕೊಟ್ಟೆ. ಮೂಲೆ ಎಲ್ಲಿದೆ, ಏನೇನು ಬೀಳುತ್ತದೆ, ಏನಾಯಿತು ಎಲ್ಲ ಬರೆದೆ. ನಿಮ್ಮ ಇನ್‌ಸ್ಪೆಕ್ಟರು ಬಂದರು. ಬೈಕಿನಿಂದ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಕವರುಗಳ ಗುಡ್ಡೆಯನ್ನು ನೋಡಿ, ನನ್ನನ್ನು ನೋಡಿ, "ನಾಯಿಗೆ ಬಾಯಿಕುಕ್ಕೆ ಹಾಕ್ಕೊಂಡ್ ಬರೋಕೇನಮ್ಮ ನಿಮಗೆ?" ಎಂದರು.

ಈ ಮಾತನ್ನು ಮನೆಯಲ್ಲಿ ಹೇಳಿದಾಗ ನಮ್ಮ ಅಜ್ಜಿ ಅಕ್ಕಯಮ್ಮ ನಕ್ಕುಬಿಟ್ಟರು. "ಕಣದಾಗೆ ಎತ್ತಿಗೆ ಕುಕ್ಕೆ ಹಾಕ್ತಿದ್ದಿದ್ದು ಕಾಳು ನಮ್ದು ಅಂತ ಕಣಮ್ಮಿ. ಬೀದಿ ಎಂಜ್ಲು ಯಾರ್ದು? ಅವ್ರಪ್ಪಂದಾ, ನಾಯಿ ತಿಂದ್ರೆ ಕಮ್ಮಿ ಆಗೋಕೆ?"

ಆದರೂ ಇನ್‌ಸ್ಪೆಕ್ಟರ ಮಾತನ್ನು ನಾನು ತಳ್ಳಿಹಾಕಲಿಲ್ಲ. ಗಾಯ ಮಾಗಿದ ಮೇಲೆ ಆಂಟಿ ಬುಟ್ಟಿಯಂಥ ಕುಕ್ಕೆ ತಂದರು. ಆ ಮೂಲೆ ದಾಟುವ ತನಕ ಮೇಜರ್‌ಗೆ ಅದನ್ನು ಹಾಕುತ್ತೇನೆ. ಅವನು ತಲೆ ತಗ್ಗಿಸಿಕೊಂಡು, ಮಾಡದ ತಪ್ಪಿಗೆ ಕ್ಷಮೆ ಕೇಳುವವನ ಹಾಗೆ ನಡೆಯುತ್ತಾನೆ. ಅವನಿಗೆ ಕುಕ್ಕೆ ಹಾಕಬಹುದು. ಬೀದಿಯ ನಾಯಿಗಳಿಗೆ, ಹಸುಗಳಿಗೆ ಹಾಕುವವರು ಯಾರು? ಕುಕ್ಕೆ ಹಾಕಿಸಿಕೊಳ್ಳುವ ಪುಣ್ಯ ಯಜಮಾನರಿರುವ ಪ್ರಾಣಿಗೆ ಮಾತ್ರ ಇದೆ. ಇರಲಿ. ನನ್ನ ತಕರಾರು ಅದರದಲ್ಲ.

ಇನ್‌ಸ್ಪೆಕ್ಟರು ಹೊರಡುವ ಮುಂಚೆ ರಸ್ತೆಯ ಆಚೆ ನೋಡಿದರು. ಅಲ್ಲಿ ಪೀರಮ್ಮಕ್ಕನ ಗಾಡಿ ಇತ್ತು. "ಅದ್ಯಾರದು?" ಎಂದರು. "ರೊಟ್ಟಿ ಗಾಡಿ ಸಾರ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದೆ. ಅವರು "ಹ್ಞೂಂ" ಎಂದರು. ಆ ಹ್ಞೂಂಕಾರದ ಅರ್ಥ ನನಗೆ ಆಗ ತಿಳಿಯಲಿಲ್ಲ.

ಪೀರಮ್ಮಕ್ಕ ಸುರಪುರದ ಕಡೆಯವರು. ಗಂಡ ಹುಸೇನಪ್ಪ ಗಾರೆ ಕೆಲಸದವರು. ನಮ್ಮ ಅಪ್ಪನ ಬಾಡಿಗೆ ಮನೆಗಳ ಕೆಳಗಿನ ಒಂದು ರೂಮಿನಲ್ಲಿ ಇಬ್ಬರೂ ಇದ್ದಾರೆ. ಹುಸೇನಪ್ಪ ಕೆಲಸ ಮಾಡುವ ಕಟ್ಟಡ ಆ ಮೂಲೆಯ ಎದುರಿಗಿದೆ. ಅಲ್ಲಿನ ಗಾರೆಯವರೆಲ್ಲ ಅವರ ಕಡೆಯವರೇ, ಮಧ್ಯಾಹ್ನ ಮೈದಾ ಪರೋಟ ತಿಂದು ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ ಎಂಬುದನ್ನು ನೋಡಿ, ಅಲ್ಲಿ ರೊಟ್ಟಿ ಮಾರಿದರೆ ಹೇಗೆ ಅಕ್ಕಾ ಎಂದು ಹೇಳಿದವಳೇ ನಾನು. ಅವರು ಗಾಡಿ ಮಾಡಿಸಿದರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಈರುಳ್ಳಿ. ಸ್ಟೀಲಿನ ತಟ್ಟೆ, ತೊಳೆದು ಮತ್ತೆ ಬಳಸುವುದು. ಎಲೆ ಇಲ್ಲ, ಕವರಿಲ್ಲ, ಮಾಂಸ ಮೊದಲೇ ಇಲ್ಲ. ಈರುಳ್ಳಿ ಸಿಪ್ಪೆಯನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ತಂದು ನಮ್ಮ ಹಸಿ ಕಸದ ಬಕೆಟ್ಟಿಗೆ ಹಾಕುತ್ತಿದ್ದರು. ಒಂದು ತಪ್ಪಿತ್ತು, ಮುಚ್ಚಿಡುವುದಿಲ್ಲ: ತಟ್ಟೆ ತೊಳೆದ ನೀರನ್ನು ಚರಂಡಿಗೆ ಚೆಲ್ಲುತ್ತಿದ್ದರು. ಅದಕ್ಕೆ ಬೇಕಾದರೆ ಎಚ್ಚರಿಕೆ ಕೊಡಿ. ನೀರಿನಲ್ಲಿ ಕಬಾಬ್ ಕಡ್ಡಿ ಹುಟ್ಟುವುದಿಲ್ಲ.

ಗಾಡಿ ಎತ್ತಿದ ದಿನ ನಾನು ಅಲ್ಲಿರಲಿಲ್ಲ. ಸಂಜೆ ಮನೆಗೆ ಬಂದಾಗ ಪೀರಮ್ಮಕ್ಕ ರೂಮಿನ ಹೊಸ್ತಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಉಳಿಸಿಕೊಂಡ ಹೆಂಚು ಒಂದೇ ಇತ್ತು.

"ನಿನ್ನ ಹೆಸರ ಹೇಳಿದ್ರ ಯವ್ವಾ ಅವ್ರು. ಧನಲಕ್ಷ್ಮಿ ಅನ್ನಾಕಿ ಕಂಪ್ಲೇಂಟ್ ಕೊಟ್ಟಾಳ, ನಾವೇನ್ ಮಾಡಾಣ ಅಂದ್ರು. ನಾ ಅಂದೆ, ಅಕಿ ನಮ್ಮ ಓನರ್ ಮಗಳದಾಳ, ಅಕಿ ನನ್ನ ಮ್ಯಾಲ ಯಾಕ ಕೊಡ್ತಾಳ? ಅವ್ರು ಮೊಬೈಲ್‌ದಾಗ ತೋರ್ಸಿದ್ರು. ನನಗ ಓದಾಕ ಬರಂಗಿಲ್ಲ. ಖರೆ ಏನು?"

"ಕೊಟ್ಟಿದ್ದು ನಿಜ ಅಕ್ಕಾ. ಆದ್ರೆ ನಾನ್ ಕೊಟ್ಟಿದ್ದು ಕಸದ ಮೇಲೆ."

ಅವರು ಸ್ವಲ್ಪ ಹೊತ್ತು ಹೆಂಚಿನ ಮಸಿಯನ್ನು ಬೆರಳಿನಿಂದ ಕೆರೆದರು. "ಅವ್ರ ಕಣ್ಣಿಗಿ ಕಸ ಅಂದ್ರ ನಾ ಕಂಡೆ ನೋಡು," ಎಂದರು.

ಮಾನ್ಯರೇ, ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡುತ್ತೀರಿ ಎಂದು ನಿಮ್ಮ ಗೋಡೆಯ ಮೇಲೆ ಬರೆದಿದೆ. ನನ್ನ ಹೆಸರನ್ನು ಗುಟ್ಟಾಗಿಡಬೇಕಾಗಿರಲಿಲ್ಲ, ನಾನು ಹೆದರುವವಳಲ್ಲ. ಆದರೆ ಅದನ್ನು ಹೇಳಲೇಬೇಕೆಂದಿದ್ದರೆ ನಾನು ಬರೆದದ್ದನ್ನೂ ಓದಿ ಹೇಳಬೇಕಿತ್ತು. ನನ್ನ ಹೆಸರು ಮಾತ್ರ ತೆಗೆದುಕೊಂಡು ನಿಮ್ಮ ಕೆಲಸಕ್ಕೆ ಬಳಸಿದಿರಿ.

ಮರುದಿನ ನಿಮ್ಮ ಮುಂದೆಯೇ ಬಂದು ನಿಂತೆ. ನಿಮಗೆ ನೆನಪಿರಬಹುದು, ನೀವು ನನಗೆ ಕುರ್ಚಿ ಕೊಡಿಸಿದಿರಿ, ಅದಕ್ಕೆ ಕೃತಜ್ಞತೆ.

"ನಿಮ್ಮ ಕಂಪ್ಲೇಂಟ್ ಮೇಲೇ ಆಕ್ಷನ್ ತಗೊಂಡಿದ್ದೀವಮ್ಮಾ. ಖುಷಿ ಪಡ್ಬೇಕು ನೀವು," ಎಂದಿರಿ.

"ನಾನು ಗಾಡಿ ತೆಗೀರಿ ಅಂತ ಎಲ್ಲಿ ಬರ್ದಿದ್ದೀನಿ ಸಾರ್?"

"ಆಹಾರ ತ್ಯಾಜ್ಯ ಅಂತ ಬರ್ದಿದ್ದೀರಿ. ಅಲ್ಲಿ ಆಹಾರ ಮಾರೋ ಗಾಡಿ ಅದೊಂದೇ ಇದ್ದಿದ್ದು."

"ಸಾರ್, ಆ ಗಾಡೀಲಿ ಮಾಂಸಾನೇ ಇಲ್ಲ. ನಾಯಿ ಹೊಟ್ಟೇಲಿ ಸಿಕ್ಕಿದ್ದು ಕಬಾಬ್ ಕಡ್ಡಿ."

"ಹಾಗಾದ್ರೆ ಯಾರು ಹಾಕ್ತಾರೆ, ಹೇಳಿ. ಪ್ರೂಫ್ ತಗೊಂಡ್ಬನ್ನಿ. ಅವರ ಮೇಲೆ ತಗೋಳೋಣ ಆಕ್ಷನ್. ಗಾಡೀನೂ ಬಿಡೋಣ."

ಈ ಮಾತು ನಿಮ್ಮದು. ಪೀರಮ್ಮನವರ ಗಾಡಿಯ ವಿಷಯದಲ್ಲಿ ನಿಮಗೆ ಇದೇ ಪ್ರೂಫು ಏಕೆ ಬೇಕಾಗಲಿಲ್ಲ ಎಂದು ನಾನು ಆಗ ಕೇಳಬೇಕಿತ್ತು. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಒಳ್ಳೆಯ ಪ್ರಶ್ನೆಗಳೆಲ್ಲ ನನಗೆ ಬಸ್ಸಿನಲ್ಲೇ ಹೊಳೆಯುವುದು.

ಕಾವಲು ನಿಂತೆ. ನಾಯಿಗಳ ವಾಕಿಂಗ್ ಹೊತ್ತಿಗಿಂತ ಮುಂಚೆ ಹೋಗಿ, ಆ ಮೂಲೆಯ ಎದುರಿನ ಗೇಟಿನ ಹತ್ತಿರ ಫೋನು ಹಿಡಿದುಕೊಂಡು ಕಾಯುತ್ತಿದ್ದೆ. ದೊಡ್ಡ ಕಳ್ಳರನ್ನು ಹಿಡಿಯುತ್ತೇನೆ ಎಂದುಕೊಂಡಿದ್ದೆ. ಕಾರಿನ ಕಿಟಕಿಯಿಂದ ಎಸೆದು ಹೋದವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಕಮ್ಮಿ. ಹೆಚ್ಚಿನವರು ನಡೆದುಕೊಂಡು ಬಂದರು. ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡ ಒಬ್ಬ ಹಿರಿಯರು ಮೊಸರನ್ನದ ಕವರು ತಂದು, ಗಂಟು ಬಿಚ್ಚಿ, ಬಗ್ಗಿ ನೆಲಕ್ಕಿಟ್ಟು, ಸುತ್ತ ನೋಡಿ ಹಸು ಕಾಣದೆ ನಿಟ್ಟುಸಿರು ಬಿಟ್ಟು ಹೋದರು. ಬುರ್ಖಾ ಹಾಕಿದ ಒಬ್ಬ ಹೆಂಗಸು ರೊಟ್ಟಿ ಚೂರುಗಳನ್ನು ಕಾಗದದ ಮೇಲೆ ಹರಡಿ ಹೋದರು. ಕಾಲೇಜು ಹುಡುಗಿಯೊಬ್ಬಳು ಡಬ್ಬಿಯ ಉಪ್ಪಿಟ್ಟು ಸುರಿದು, ನನ್ನ ಕಡೆ ನೋಡಿ ನಕ್ಕು, "ಪಾಪ, ನಾಯಿಗಳು ತಿನ್ಲಿ ಅಲ್ವಾ," ಎಂದಳು. ಇವರಲ್ಲಿ ಯಾರ ಮುಖದಲ್ಲೂ ತಪ್ಪು ಮಾಡಿದ ಕಳೆ ಇರಲಿಲ್ಲ. ದಾನ ಕೊಟ್ಟು ಹೋಗುವವರ ಹಾಗೆ ಹೋದರು. ಸ್ವಲ್ಪ ಹೊತ್ತಿಗೆ ನಿಮ್ಮ ಕಸದ ಆಟೋ ಹಾಡು ಹಾಕಿಕೊಂಡು ಅದೇ ದಾರಿಯಲ್ಲಿ ಬಂತು. ಅದೇ ಜನ ಹಾಲಿನ ಕವರು, ಗುಡಿಸಿದ ಧೂಳು ತಂದು ಆಟೋಗೆ ಹಾಕಿದರು.

ಆಗ ನನಗೆ ಗೊತ್ತಾಯಿತು. ನಮ್ಮ ಜನ ಅನ್ನವನ್ನು ಕಸಕ್ಕೆ ಹಾಕುವುದಿಲ್ಲ. ಡೈಪರು, ಧೂಳಿನ ಜೊತೆ ಅನ್ನ ಎಸೆದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಎಲ್ಲರ ಮನೆಯಲ್ಲೂ ಹೇಳಿಕೊಟ್ಟಿದ್ದಾರೆ. ಆಟೋಗೆ ಹಾಕಿದರೆ ಅದು ಎಸೆದಂತೆ. ಮೂಲೆಯಲ್ಲಿ ಇಟ್ಟರೆ ಅದು ಕೊಟ್ಟಂತೆ. ನಮ್ಮ ಅಜ್ಜಿಯೂ ಹೀಗೆಯೇ. ಬಾಣಸವಾಡಿಯ ಟ್ರಾನ್ಸ್‌ಫಾರ್ಮರ್ ಕೆಳಗೆ ಅವರ ಮುದ್ದೆ ದಿನಾ ಬಿದ್ದಿರುತ್ತದೆ. 'ಇಲ್ಲಿ ಕಸ ಹಾಕಬೇಡಿ, ಹಾಕಿದರೆ ದಂಡ' ಎಂದು ಆ ಮೂಲೆಯಲ್ಲಿ ನೀವು ಬೋರ್ಡು ಹಾಕಿದ್ದೀರಲ್ಲ, ಅದನ್ನು ಎಲ್ಲರೂ ಓದುತ್ತಾರೆ, ಒಪ್ಪುತ್ತಾರೆ, ಕಸ ಹಾಕುವವರನ್ನು ಬೈಯುತ್ತಾರೆ, ಆಮೇಲೆ ಅದರ ಕೆಳಗೆ ಅನ್ನ ಇಟ್ಟು ಹೋಗುತ್ತಾರೆ. ಆ ಬೋರ್ಡು ತಮಗೆ ಹೇಳಿದ್ದು ಎಂದು ಯಾರಿಗೂ ಅನ್ನಿಸುವುದಿಲ್ಲ. ನಿಮಗೆ ಇದು ಗೊತ್ತಿತ್ತೇ? ನಿಮ್ಮ ಮನೆಯಲ್ಲಿ ಉಳಿದ ಅನ್ನವನ್ನು ಏನು ಮಾಡುತ್ತಾರೆ? ವ್ಯಂಗ್ಯಕ್ಕಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ಮತ್ತೊಂದು ಸೋಮವಾರ ಬಂತು. ನೈಟಿಯ ಮೇಲೆ ಶಾಲು ಹೊದ್ದುಕೊಂಡು ಒಬ್ಬರು ಕವರು ಹಿಡಿದು ಮೂಲೆಗೆ ಬಂದರು. ಬಗ್ಗಲು ಮಂಡಿ ನೋವು, ಆದರೂ ಬಗ್ಗಿ, ಕವರಿನ ಬಾಯಿ ಅಗಲ ಮಾಡಿ, "ಬಾ, ಬಾ ಕಣ್ಣಾ," ಎಂದು ಬೀದಿ ನಾಯಿಗಳನ್ನು ಕರೆದರು. ಫಿಲೋಮಿನಾ ಆಂಟಿ. ನಾನು ಫೋನನ್ನು ಜೇಬಿಗೆ ಹಾಕಿದೆ. ಸುಮ್ಮನೆ ಮನೆಗೆ ಹೋಗಿಬಿಡಬಹುದಿತ್ತು. ನನ್ನ ತಿಂಗಳ ಸಂಬಳದಲ್ಲಿ ಹೆಚ್ಚಿನ ಪಾಲು ಆ ಮನೆಯದು, ಅವರ ಶಿಫಾರಸಿನಿಂದ ಸಿಕ್ಕ ಮನೆಗಳದ್ದು. ಆದರೆ ಪೀರಮ್ಮಕ್ಕನ ಮಾತು ಕಿವಿಯಲ್ಲಿತ್ತು. ರಸ್ತೆ ದಾಟಿದೆ.

"ಆಂಟಿ, ದಿನಾ ಇಲ್ಲೇ ಇಡ್ತೀರಾ?"

"ದಿನಾ ಇಲ್ಲಮ್ಮಾ. ಸಂಡೇ ಮಿಕ್ಕಿದ್ದು ಮಾತ್ರ. ಸಾಪಾಟು ಡಸ್ಟ್‌ಬಿನ್‌ಗೆ ಹಾಕ್ಬಾರ್ದು ಅಂತ ನಮ್ ಅಮ್ಮ ಹೇಳ್ತಿದ್ರು. ಈ ಪಾಪದ್ ಜೀವಗಳಾದ್ರೂ ತಿನ್ಲಿ."

"ಮೇಜರ್ ನುಂಗಿದ್ನಲ್ಲ, ಆ ಹಿಂದಿನ ಸಂಡೇ ನಿಮ್ಮನೇಲಿ ಏನಿತ್ತು ಆಂಟಿ?"

"ಚರ್ಚಲ್ಲಿ ಮೊಮ್ಮಗಳ ಫಸ್ಟ್ ಕಮ್ಯೂನಿಯನ್ ಅಲ್ವಾ, ಊಟ ಹೊರಗಿಂದ ತರಿಸಿದ್ವಿ. ಬಿರಿಯಾನಿ, ಕಡ್ಡೀದು…" ಅಷ್ಟಕ್ಕೆ ನಿಂತರು. ಕವರನ್ನು ನೋಡಿದರು. ಕೈ ಗೋಡೆಗೆ ಊರಿದರು. "ಅಯ್ಯೋ ಕಡವುಳೇ," ಎಂದು ದೇವರನ್ನು ಕರೆದರು. ಆಮೇಲೆ ನನ್ನ ಮೇಲೆ ಸಿಟ್ಟು ಬಂತು. "ನೀನು ಸಿಐಡಿ ಥರ ನಿಂತಿದ್ದೀಯಾ ಇಲ್ಲಿ? ನನ್ನ ಪಿಳ್ಳೆನ ನಾನೇ ಕೊಲ್ಲಕ್ ಹೋದೆ ಅಂತೀಯಾ? ಹೋಗು, ನಾಳೆಯಿಂದ ಬರ್ಬೇಡ!"

ಹೋಗಲಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿದರು. "ಮೇಜರ್ ಬಾಗ್ಲಲ್ಲೇ ಕೂತಿದ್ದಾನೆ. ಬಾ," ಎಂದರು. ಹೋದಾಗ ಕಣ್ಣು ಊದಿಕೊಂಡಿದ್ದವು. ಪೀರಮ್ಮಕ್ಕನ ಗಾಡಿಯ ವಿಷಯ ಪೂರ್ತಿ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಗಾಡಿ ಹೋದದ್ದು ಮಾತ್ರ ಗೊತ್ತಿತ್ತು, ರಸ್ತೆ ಅಗಲವಾಯಿತು ಎಂದು ಬೀದಿಯವರೆಲ್ಲ ಸಂತೋಷಪಟ್ಟಿದ್ದರಂತೆ. "ನಡಿ, ನಾನೇ ಬರ್ತೀನಿ ಆಫೀಸಿಗೆ," ಎಂದರು.

ಹೀಗೆ ನಿಮಗೆ ಬೇಕಾದ ಪ್ರೂಫು ತನ್ನ ಕಾಲಿನಿಂದಲೇ ನಡೆದುಕೊಂಡು, ಮಂಡಿ ನೋವಿನಲ್ಲಿ ನಿಮ್ಮ ಮೆಟ್ಟಿಲು ಹತ್ತಿ ಬಂತು. ಆಂಟಿ ನಿಮ್ಮೆದುರು ನಿಂತು, "ಹಾಕಿದ್ದು ನಾನು. ದಂಡ ಹಾಕಿ. ಆ ಹೆಂಗಸಿನ ಗಾಡಿ ಕೊಟ್ಬಿಡಿ," ಎಂದರು. ನಿಮ್ಮ ಸರ್ವಿಸಿನಲ್ಲಿ ಹೀಗೆ ಎಷ್ಟು ಜನ ಬಂದಿದ್ದಾರೆ ಮಾನ್ಯರೇ? ನೀವು ಎದ್ದು ನಿಂತಿರಿ. ಅವರಿಗೂ ಕುರ್ಚಿ ಕೊಡಿಸಿದಿರಿ. ನೀರು ತರಿಸಿದಿರಿ.

"ಮೇಡಂ, ನಿಮ್ಮಂಥೋರಿಗೆ ಹೇಗೆ ದಂಡ ಹಾಕ್ಲಿ? ನೀವು ನಾಯಿಗಳಿಗೆ ಅನ್ನ ಹಾಕಿದ್ದೀರಿ. ಅದು ಪುಣ್ಯದ ಕೆಲಸ."

"ಹಾಗಾದ್ರೆ ಗಾಡಿ?"

"ಆ ಕಂಪ್ಲೇಂಟ್ ಕ್ಲೋಸ್ ಆಗಿದೆ ಮೇಡಂ. ಕ್ಲೋಸ್ ಆದ್ಮೇಲೆ ನಮ್ಮ ಕೈಯಲ್ಲಿ ಇರಲ್ಲ."

ಅದೇ ಮೂಲೆ, ಅದೇ ಎಂಜಲು. ಆಂಟಿ ಇಟ್ಟರೆ ಪುಣ್ಯ; ಪೀರಮ್ಮಕ್ಕ ಇಡದಿದ್ದರೂ ತ್ಯಾಜ್ಯ. ಹೊರಗೆ ಬಂದು ಆಂಟಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಇದನ್ನೆಲ್ಲ ಪೇಪರಿಗೆ ಬರೆಯುತ್ತೇನೆ ಆಂಟಿ, ನಿಮ್ಮ ಹೆಸರು ಬಿಡುತ್ತೇನೆ ಎಂದೆ. "ಯಾಕೆ ಬಿಡ್ತೀಯಾ? ಬರಿ. ನಾನೇನು ಕದ್ದಿದ್ದೀನಾ? ದಂಡ ತಗೋಳಲ್ಲ ಅಂದ್ರಲ್ಲ, ಹೆಸರಾದ್ರೂ ತಗೋಳ್ಳಿ," ಎಂದರು. ಅದಕ್ಕೇ ಬರೆದಿದ್ದೇನೆ. ಮಾನ್ಯರೇ, ನಿಮ್ಮ ಹೆಸರನ್ನು ಮಾತ್ರ ಬರೆಯಲಿಲ್ಲ. ಇದು ನಿಮ್ಮ ಕುರ್ಚಿಗೆ ಹೇಳಬೇಕಾದದ್ದು, ನಾಳೆ ಅದರಲ್ಲಿ ಬೇರೆಯವರು ಕೂತರೆ ಅವರಿಗೂ ಸೇರಲಿ.

ಗಾಡಿ ಈಗ ಎಲ್ಲಿದೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಟಿನ್ ಫ್ಯಾಕ್ಟರಿ ದಾಟಿದ ಮೇಲೆ ನಿಮ್ಮವರು ಜಪ್ತಿ ಮಾಡಿದ ಸಾಮಾನು ಹಾಕುವ ಖಾಲಿ ಜಾಗದಲ್ಲಿ, ಬೇರೆ ಗಾಡಿಗಳ ಮೇಲೆ ಮಗುಚಿ ಬಿದ್ದಿದೆ. ಹುಸೇನಪ್ಪ ಕೂಲಿ ಬಿಟ್ಟು ಹೋಗಿ ನೋಡಿ ಬಂದರು. ಒಂದು ಚಕ್ರ ಇಲ್ಲ. ಒಲೆ ಇಲ್ಲ. ಅಲ್ಲಿನ ಕಾವಲುಗಾರ, ಇನ್ನು ಸ್ವಲ್ಪ ದಿನಕ್ಕೆ ಎಲ್ಲವನ್ನೂ ಗುಜರಿಗೆ ಹಾಕುತ್ತಾರೆ ಎಂದನಂತೆ. ಪೀರಮ್ಮಕ್ಕ ಈಗ ರೂಮಿನಲ್ಲೇ ರೊಟ್ಟಿ ತಟ್ಟಿ ಬುಟ್ಟಿಯಲ್ಲಿ ಕೊಟ್ಟು ಕಳಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಆರಿ ಹಲಗೆಯಾಗುತ್ತದೆ. ಗಾರೆಯವರು ಮತ್ತೆ ಪರೋಟಕ್ಕೆ ಹೋಗುತ್ತಿದ್ದಾರೆ. ಊರಿಗೆ ಹೋಗಿಬಿಡೋಣ ಎಂದು ಗಂಡ ಹೆಂಡತಿ ರಾತ್ರಿ ಮಾತಾಡಿಕೊಳ್ಳುವುದು ನಮ್ಮ ಮಹಡಿಗೆ ಕೇಳಿಸುತ್ತದೆ.

ಆದ್ದರಿಂದ ನನಗೆ ಬೇಕಾದದ್ದು ಇಷ್ಟು. ಗುಜರಿಗೆ ಹಾಕುವ ಮುಂಚೆ ಆ ಗಾಡಿಯನ್ನು ಚಕ್ರ, ಒಲೆ ಸಮೇತ ಅದೇ ಜಾಗಕ್ಕೆ ತಂದು ನಿಲ್ಲಿಸಿ. ನೀವು ಮುಚ್ಚಿದ ದೂರನ್ನು ತೆರೆದು, ಅದರಲ್ಲಿ ನಾನು ಬರೆದದ್ದನ್ನು ಒಮ್ಮೆ ಓದಿ. ಬೋರ್ಡಿನ ಮೇಲಿರುವ 'ಕಸ' ಎಂಬ ಮಾತನ್ನು ಅಳಿಸಿ, 'ಇಲ್ಲಿ ಅನ್ನ ಇಡಬೇಡಿ, ಇದನ್ನು ತಿಂದು ಪ್ರಾಣಿಗಳು ಸಾಯುತ್ತವೆ' ಎಂದು ಬರೆಸಿ. ಆಗ ಓದಿದವರು ಕವರನ್ನು ವಾಪಸು ಒಯ್ಯುತ್ತಾರೆ. ಉಳಿದ ಅನ್ನಕ್ಕೆ ಆಟೋದಲ್ಲಿ ಮುಚ್ಚಳವಿರುವ ಬೇರೆ ಡ್ರಮ್ಮು ಇಡಿಸಿ, ಅದು ದನದ ಕೊಟ್ಟಿಗೆಗೋ ಗೊಬ್ಬರಕ್ಕೋ ಹೋಗುತ್ತದೆ ಎಂದು ಜನಕ್ಕೆ ನಂಬಿಕೆ ಬರುವಂತೆ ಹೇಳಿ. ನಂಬಿದರೆ ಕೊಡುತ್ತಾರೆ, ಕೊಡುವುದಕ್ಕೆ ಕಾಯುತ್ತಿರುವ ಜನ ಅವರು. ಇದೆಲ್ಲ ಆಗುವುದಿಲ್ಲ ಎನ್ನುವುದಾದರೆ ಮೊದಲನೆಯದನ್ನಾದರೂ ಮಾಡಿ. ಮೂಲೆಯನ್ನು ನಾನು ಮತ್ತು ಮೇಜರ್ ಹೇಗೋ ದಾಟಿಕೊಳ್ಳುತ್ತೇವೆ. ಗಾಡಿ ಬೇಕು.

ಗಾಡಿ ತರುವಾಗ ನಿಮ್ಮ ಇನ್‌ಸ್ಪೆಕ್ಟರನ್ನೇ ಕಳಿಸಿ. ಪೀರಮ್ಮಕ್ಕನಿಗೆ ಓದಲು ಬರುವುದಿಲ್ಲ, ನನ್ನ ದೂರನ್ನು ಅವರು ಬಾಯಿಬಿಟ್ಟು ಪೂರ್ತಿಯಾಗಿ ಓದಿ ಹೇಳಲಿ. ನಾನು ಎಷ್ಟು ಸಲ ಹೇಳಿದರೂ ಅಕ್ಕ ತಲೆಯಾಡಿಸುತ್ತಾರೆ, ನಂಬುತ್ತಾರೋ ಇಲ್ಲವೋ ತಿಳಿಯುವುದಿಲ್ಲ.

ಇಂತಿ,
ಅವರ ರೂಮಿನ ಮುಂದೆ ಹಾಯಲು ಮುಖವಿಲ್ಲದೆ, ಸ್ವಂತ ಮನೆಗೆ ಹಿಂದಿನ ಗೇಟಿನಿಂದ ಹತ್ತಿ ಇಳಿಯುತ್ತಿರುವ
ಧನಲಕ್ಷ್ಮಿ
ಬಾಣಸವಾಡಿ